ಅಡ್ಡ ಗುಣಾಕಾರ ಮಾಡಿ ಸಾಧಿಸಿದರೆ ಸೊನ್ನೆ ಯಾಕೆ? (ತ್ರಿಕೋನಮಿತಿ, ಹತ್ತನೇ ತರಗತಿ)

ಮಾನ್ವಿಯ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸ್, ಕನ್ನಡ ಮಾಧ್ಯಮ. ಪ್ರಿಪರೇಟರಿ ಪರೀಕ್ಷೆಯ ಗಣಿತದ ಪೇಪರ್ ಕೈಗೆ ಬಂದಿದೆ. ಒಂದು ಪ್ರಶ್ನೆಗೆ ಮೂರಕ್ಕೆ ಸೊನ್ನೆ ಕೊಟ್ಟಿದ್ದಾರೆ. ಪ್ರಶ್ನೆ ಹೀಗಿದೆ:

ಕಾಸ್ ಎ / (1 − ಸೈನ್ ಎ) = (1 + ಸೈನ್ ಎ) / ಕಾಸ್ ಎ ಎಂದು ಸಾಧಿಸಿ.

ಅವಳು ಬರೆದ ಉತ್ತರ:

ಕಾಸ್ ಎ × ಕಾಸ್ ಎ = (1 + ಸೈನ್ ಎ)(1 − ಸೈನ್ ಎ)
ಕಾಸ್²ಎ = 1 − ಸೈನ್²ಎ
ಕಾಸ್²ಎ = ಕಾಸ್²ಎ
ಸಾಧಿಸಲಾಗಿದೆ.

ಇದರ ಮೇಲೆ ಕೆಂಪು ಪೆನ್ನಿನಲ್ಲಿ ಉದ್ದಕ್ಕೂ ಒಂದು ಗೆರೆ, ಪಕ್ಕದಲ್ಲಿ "ವಿಧಾನ ತಪ್ಪು". ನಾನು ಪಿಯುಸಿ ಸೈನ್ಸ್ ಓದಿದವನು, ಈಗ ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ಸಾಲು ಸಾಲಾಗಿ ನೋಡಿದರೂ ಎಲ್ಲಿ ತಪ್ಪಿದೆ ಅಂತ ಹೊಳೆಯುತ್ತಿಲ್ಲ. ಶಾಲೆಗೆ ಹೋಗಿ ಕೇಳುವ ಮೊದಲು ಗೊತ್ತಿದ್ದವರು ಹೇಳಿದರೆ ಒಳ್ಳೇದು. ಸುಮ್ನೆ ಹೋಗಿ ಮುಖಭಂಗ ಮಾಡಿಸಿಕೊಳ್ಳೋದು ಬೇಡ ಅಂತ.

ಹಳೇ ಸೀಮೆಸುಣ್ಣ, ಗಂಗಾವತಿ

ಲೆಕ್ಕ ಸರಿ ಇದೆ ಸರ್. ಮಗಳಿಗೆ ಮೊದಲು ಅದನ್ನ ಹೇಳಿ. ತೊಂದರೆ ಇರೋದು ಅವಳು ಶುರು ಮಾಡಿದ ಜಾಗದಲ್ಲಿ.

"ಸಾಧಿಸಿ" ಅಂದರೆ ಎರಡೂ ಕಡೆ ಸಮ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಅವಳು ಮೊದಲ ಸಾಲಿನಲ್ಲೇ ಸಮ ಅಂತ ಒಪ್ಪಿಕೊಂಡು ಅಡ್ಡ ಗುಣಾಕಾರ ಮಾಡಿಬಿಟ್ಟಳು. ಕೊನೆಗೆ ಕಾಸ್²ಎ = ಕಾಸ್²ಎ ಬಂತು. ಅದು ನಿಜ, ಯಾರು ಇಲ್ಲ ಅಂತಾರೆ? ಆದರೆ ಕೊನೆಯ ಸಾಲು ನಿಜ ಆದ ಮಾತ್ರಕ್ಕೆ ಮೊದಲ ಸಾಲೂ ನಿಜ ಆಗಬೇಕು ಅಂತೇನಿಲ್ಲ. ಇದನ್ನ ನೋಡಿ:

1 = −1
ಎರಡೂ ಕಡೆ ವರ್ಗ ಮಾಡಿದರೆ 1 = 1
ಸಾಧಿಸಲಾಗಿದೆ!

ನಗು ಬರುತ್ತೆ ಅಲ್ವಾ? ತ್ರಿಕೋನಮಿತಿಯ ವೇಷ ಹಾಕಿಸಿದರೆ ನಗು ನಿಂತುಹೋಗುತ್ತೆ. ಸೈನ್ ಎ = √(1 − ಕಾಸ್²ಎ) ಅಂತ ಬರೆಯಿರಿ. ವರ್ಗ ಮಾಡಿ. ಸೈನ್²ಎ = 1 − ಕಾಸ್²ಎ. ಪಕ್ಕಾ ನಿಜ. ಈಗ ಎ = 210 ಡಿಗ್ರಿ ಇಡಿ. ಎಡಕ್ಕೆ −1/2, ಬಲಕ್ಕೆ +1/2. ಮೇಲಿನ ಸಾಲು ಸುಳ್ಳು, ಕೆಳಗಿನದು ನಿಜ. ಹತ್ತನೇ ಕ್ಲಾಸಿನಲ್ಲಿ ಲಘುಕೋನ ಮಾತ್ರ ಇರೋದರಿಂದ ಈ ಗುಂಡಿ ಮಕ್ಕಳಿಗೆ ಕಾಣಲ್ಲ. ಪಿಯುಗೆ ಹೋದ ಮೇಲೆ ನೇರ ಅದರೊಳಗೆ ಬೀಳ್ತಾರೆ.

ಕೊನೇ ಬೆಂಚು, ರಾಯಚೂರು

ನಮಸ್ಕಾರ ಸರ್, ನಾನು ಬಿಎಸ್ಸಿ ಗಣಿತ. ಒಂದು ತಕರಾರು ಇದೆ. ಆ ಹುಡುಗಿ ವರ್ಗ ಮಾಡಿಲ್ಲ. ಅಡ್ಡ ಗುಣಾಕಾರ ಮಾಡಿದ್ದಾಳೆ. ಛೇದ ಸೊನ್ನೆ ಅಲ್ಲದಿದ್ದರೆ ಅಡ್ಡ ಗುಣಾಕಾರವನ್ನ ಹಾಗೇ ಹಿಂದಕ್ಕೂ ಓದಬಹುದು. ವರ್ಗ ಮಾಡಿದ್ದನ್ನ ಹಾಗೆ ಹಿಂದಕ್ಕೆ ಓದೋಕಾಗಲ್ಲ, ಯಾಕೆಂದರೆ ವರ್ಗಮೂಲ ತೆಗೆಯುವಾಗ ಚಿಹ್ನೆ ಎರಡಿರುತ್ತೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಅವಳು ಪ್ರತಿ ಸಾಲಿನ ನಡುವೆ "ಇದು ನಿಜವಾದರೆ ಅದೂ ನಿಜ, ಅದು ನಿಜವಾದರೆ ಇದೂ ನಿಜ" ಅಂತ ಒಂದು ಮಾತು ಸೇರಿಸಿದ್ದರೆ ಅದು ಪೂರ್ತಿ ಸರಿಯಾದ ಸಾಧನೆ. ನಮ್ಮ ಕಾಲೇಜಿನಲ್ಲಿ ಎರಡು ಬಾಯಿಯ ಬಾಣ ಹಾಕ್ತೀವಿ, ಮುಗೀತು. ಒಂದು ಬಾಣ ಬಿಟ್ಟಿದ್ದಕ್ಕೆ ಮೂರಕ್ಕೆ ಸೊನ್ನೆ ಅಂದರೆ ಜಾಸ್ತಿ ಆಯ್ತು.

ಹಳೇ ಸೀಮೆಸುಣ್ಣ, ಗಂಗಾವತಿ

ತಮ್ಮಾ, ನೀನು ಹೇಳಿದ್ದು ಸರಿ. ಸೊನ್ನೆ ಜಾಸ್ತಿ ಆಯ್ತು ಅನ್ನೋದನ್ನೂ ಒಪ್ಪುತ್ತೇನೆ. ನಾನಾಗಿದ್ದರೆ 1 − ಸೈನ್²ಎ = ಕಾಸ್²ಎ ಗೊತ್ತಿದೆ ಅಂತ ತೋರಿಸಿದ್ದಕ್ಕೆ ಒಂದು ಅಂಕ ಕೊಡುತ್ತಿದ್ದೆ.

ಆದರೆ ಎರಡು ಬಾಯಿಯ ಬಾಣ ಹತ್ತನೇ ಕ್ಲಾಸಿನ ಮಕ್ಕಳ ಕೈಗೆ ಕೊಟ್ಟರೆ ಏನಾಗುತ್ತೆ ಗೊತ್ತಾ? ಎಲ್ಲ ಸಾಲಿಗೂ ಅದೇ ಬಾಣ ಹಾಕ್ತಾರೆ, ವರ್ಗ ಮಾಡಿದ ಸಾಲಿಗೂ. ಅದಕ್ಕೇ ಶಾಲೆಯಲ್ಲಿ "ಎಡಭಾಗದಿಂದ ಶುರು ಮಾಡಿ ಬಲಭಾಗಕ್ಕೆ ಬನ್ನಿ" ಅನ್ನೋ ರೂಢಿ. ಗಣಿತದ ನಿಯಮ ಅದಲ್ಲ, ಮಕ್ಕಳನ್ನ ಕಾಪಾಡುವ ಬೇಲಿ.

ಇನ್ನೊಂದು ಮಾತು. ಎಡದಿಂದಲೇ ಶುರು ಮಾಡಬೇಕು ಅಂತೇನೂ ಇಲ್ಲ. ಯಾವ ಕಡೆ ಗೋಜಲು ಜಾಸ್ತಿ ಇದೆಯೋ ಆ ಕಡೆಯಿಂದ ಹೊರಡಿ. ಎಡಭಾಗವನ್ನ ಬೇರೆ, ಬಲಭಾಗವನ್ನ ಬೇರೆ ಸುಲಭ ಮಾಡಿ, ಎರಡೂ ಒಂದೇ ಕಡೆ ಬಂದು ನಿಂತರೂ ನಡೆಯುತ್ತೆ. ಸಮ ಚಿಹ್ನೆಯ ಆಚೆಗೆ ಈಚೆಗೆ ಸಾಮಾನು ಸಾಗಿಸೋದು ಮಾತ್ರ ಬೇಡ.

ಮಾನ್ವಿಯ ಅಪ್ಪ

ಈಗ ಅರ್ಥ ಆಯ್ತು ಸರ್. ಮಗಳು ಪಕ್ಕದಲ್ಲೇ ಕೂತಿದ್ದಾಳೆ, ಅವಳದೊಂದು ಪ್ರಶ್ನೆ ಇದೆಯಂತೆ. ಅವಳೇ ಬರೆಯಲಿ.

ನಮಸ್ಕಾರ ಸರ್. ಗೈಡಿನಲ್ಲಿ ಎಡಭಾಗದ ಮೇಲೂ ಕೆಳಗೂ (1 + ಸೈನ್ ಎ) ಇಂದ ಗುಣಿಸಿ ಅಂತ ಇದೆ. ಅದರಿಂದಲೇ ಗುಣಿಸಬೇಕು ಅಂತ ನನಗೆ ಹೇಗೆ ಗೊತ್ತಾಗಬೇಕು? ಪರೀಕ್ಷೆಯಲ್ಲಿ ಹೊಳೆಯಲ್ಲ.

ಕೊನೇ ಬೆಂಚು, ರಾಯಚೂರು

ತಂಗಿ, ನೀನು ಬರೆದ ಆ "ತಪ್ಪು" ಉತ್ತರದಲ್ಲೇ ಅದು ಇದೆ! ಅದನ್ನ ರಫ್ ಶೀಟಿನಲ್ಲಿ ಇಟ್ಟುಕೋ. ಅಲ್ಲಿ ನೀನು ಏನು ಮಾಡಿದೆ? ಕಾಸ್ ಎ ಇಂದ ಗುಣಿಸಿದೆ, ಕಾಸ್²ಎ ಬಂತು, ಅದನ್ನ (1 + ಸೈನ್ ಎ)(1 − ಸೈನ್ ಎ) ಅಂತ ಒಡೆದೆ. ಅದನ್ನೇ ಈಗ ಎಡಭಾಗದ ಮೇಲೆ ಮಾತ್ರ ಮಾಡು:

ಕಾಸ್ ಎ / (1 − ಸೈನ್ ಎ)
= ಕಾಸ್²ಎ / [ಕಾಸ್ ಎ (1 − ಸೈನ್ ಎ)]
= (1 − ಸೈನ್ ಎ)(1 + ಸೈನ್ ಎ) / [ಕಾಸ್ ಎ (1 − ಸೈನ್ ಎ)]
= (1 + ಸೈನ್ ಎ) / ಕಾಸ್ ಎ

ಗೈಡಿನ ದಾರಿ ಬೇರೆ, ಇದು ನಿನ್ನದೇ ದಾರಿ. ರಫ್ ಶೀಟಿನಲ್ಲಿ ಮೇಲಿಂದ ಕೆಳಗೆ ಹೋಗು, ಉತ್ತರಪತ್ರಿಕೆಯಲ್ಲಿ ಕೆಳಗಿಂದ ಮೇಲೆ ಬಾ. ಗೈಡ್ ಬರೆದವರೂ ಹಾಗೇ ಮಾಡಿರುತ್ತಾರೆ, ರಫ್ ಶೀಟ್ ನಿನಗೆ ತೋರಿಸಲ್ಲ ಅಷ್ಟೇ.

ಗೈಡಿನ ದಾರಿಗೂ ಕಾರಣ ಇದೆ. 1 − ಸೈನ್ ಎ ಎಲ್ಲಿ ಕಂಡರೂ ಅದರ ಜೋಡಿ 1 + ಸೈನ್ ಎ. ಎರಡನ್ನೂ ಗುಣಿಸಿದರೆ ಕಾಸ್²ಎ ಬರುತ್ತೆ, ಮೈನಸ್ ಮಾಯ. ಸೆಕ್ ಎ − ಟ್ಯಾನ್ ಎ ಕಂಡರೆ ಅದರ ಜೋಡಿ ಸೆಕ್ ಎ + ಟ್ಯಾನ್ ಎ. ಗುಣಿಸಿದರೆ ಬರೋದು 1. ಕೊಸೆಕ್ ಮತ್ತು ಕಾಟ್‌ಗೂ ಹಾಗೇ.

ಪಿಯು ಮೊದಲ ವರ್ಷ, ಯಲಬುರ್ಗಾ

ಹಾಗಾದರೆ ಇದನ್ನ ಯಾರಾದರೂ ಬಿಡಿಸಿ. ನಮ್ಮ ಕ್ಲಾಸಿನಲ್ಲಿ ಇದಕ್ಕೆ "ಯಮ" ಅಂತ ಹೆಸರಿಟ್ಟಿದ್ದೆವು.

(ಸೈನ್ ಎ − ಕಾಸ್ ಎ + 1) / (ಸೈನ್ ಎ + ಕಾಸ್ ಎ − 1) = 1 / (ಸೆಕ್ ಎ − ಟ್ಯಾನ್ ಎ)

ಎಲ್ಲವನ್ನೂ ಸೈನ್, ಕಾಸ್‌ಗೆ ತಂದರೆ ಒಂದು ಪುಟ ಆಗುತ್ತೆ.

ಹಳೇ ಸೀಮೆಸುಣ್ಣ, ಗಂಗಾವತಿ

ಬಲಭಾಗದಲ್ಲಿ ಸೆಕ್, ಟ್ಯಾನ್ ಇದೆ. ಅಂದಮೇಲೆ ಎಡಭಾಗವನ್ನ ಮೇಲೂ ಕೆಳಗೂ ಕಾಸ್ ಎ ಇಂದ ಭಾಗಿಸು:

(ಟ್ಯಾನ್ ಎ − 1 + ಸೆಕ್ ಎ) / (ಟ್ಯಾನ್ ಎ + 1 − ಸೆಕ್ ಎ)

ಈಗ ಛೇದದಲ್ಲಿರುವ 1 ನೋಡು. ಅದನ್ನ ಮಾತ್ರ ತೆಗೆದು ಸೆಕ್²ಎ − ಟ್ಯಾನ್²ಎ ಹಾಕು. ಮೇಲಿನ 1 ಮುಟ್ಟಬೇಡ. ಛೇದ ಹೀಗಾಗುತ್ತೆ:

(ಸೆಕ್ ಎ − ಟ್ಯಾನ್ ಎ)(ಸೆಕ್ ಎ + ಟ್ಯಾನ್ ಎ) − (ಸೆಕ್ ಎ − ಟ್ಯಾನ್ ಎ)
= (ಸೆಕ್ ಎ − ಟ್ಯಾನ್ ಎ)(ಸೆಕ್ ಎ + ಟ್ಯಾನ್ ಎ − 1)

ಆವರಣದೊಳಗಿನ ಸೆಕ್ ಎ + ಟ್ಯಾನ್ ಎ − 1 ಇದೆಯಲ್ಲ, ಅದೇ ಅಂಶ. ಹೊಡೆದುಹಾಕು. ಉಳಿದದ್ದು 1 / (ಸೆಕ್ ಎ − ಟ್ಯಾನ್ ಎ). ಯಮ ನಾಲ್ಕು ಸಾಲಿನವನು.

1 ಅನ್ನೋದು ಈ ಪಾಠದಲ್ಲಿ ಸುಮ್ನೆ ಕೂತಿರುವ ಅಂಕಿ ಅಲ್ಲ. ಬೇಕಾದಾಗ ಸೈನ್² + ಕಾಸ್², ಬೇಕಾದಾಗ ಸೆಕ್² − ಟ್ಯಾನ್², ಇನ್ನೂ ಬೇಕಾದರೆ ಕೊಸೆಕ್² − ಕಾಟ್². ಎದುರುಗಡೆ ಯಾರಿದ್ದಾರೆ ನೋಡಿಕೊಂಡು ಯಾವ ರೂಪ ಅಂತ ಆರಿಸಬೇಕು. ಮೂರೂ ಒಂದರಿಂದಲೇ ಹುಟ್ಟಿದ್ದು. ಸೈನ್² + ಕಾಸ್² = 1 ಅನ್ನೋದನ್ನ ಕಾಸ್² ಇಂದ ಭಾಗಿಸಿದರೆ ಎರಡನೆಯದು, ಸೈನ್² ಇಂದ ಭಾಗಿಸಿದರೆ ಮೂರನೆಯದು. ಮೂರನ್ನೂ ಬಾಯಿಪಾಠ ಮಾಡುವ ಮಕ್ಕಳನ್ನ ಕಂಡರೆ ನನಗೆ ಬೇಜಾರು.

ಕೊನೇ ಬೆಂಚು, ರಾಯಚೂರು

ಯಮನಲ್ಲಿ ಇನ್ನೊಂದು ತಮಾಷೆ ಇದೆ. ಎ = 0 ಹಾಕಿ ನೋಡಿ. ಎಡಭಾಗದಲ್ಲಿ ಮೇಲೆ 0 − 1 + 1 = 0. ಕೆಳಗೆ 0 + 1 − 1 = 0. ಸೊನ್ನೆ ಭಾಗಿಸು ಸೊನ್ನೆ, ಬೆಲೆಯೇ ಇಲ್ಲ. ಬಲಭಾಗದಲ್ಲಿ ಆರಾಮಾಗಿ 1 ಬರುತ್ತೆ. ಅಂದರೆ ಸೊನ್ನೆ ಡಿಗ್ರಿಯಲ್ಲಿ ಈ ನಿತ್ಯಸಮೀಕರಣ ನಿಲ್ಲೋದೇ ಇಲ್ಲ. ಸರ್ "ಹೊಡೆದುಹಾಕು" ಅಂದರಲ್ಲ, ಆ ಸೆಕ್ ಎ + ಟ್ಯಾನ್ ಎ − 1 ಅನ್ನೋದು ಅಲ್ಲಿ ಸೊನ್ನೆ ಆಗುತ್ತೆ. ಸೊನ್ನೆಯನ್ನ ಹೊಡೆದುಹಾಕುವ ಹಾಗಿಲ್ಲ.

ಎ = 30 ಹಾಕಿದರೆ ಎರಡೂ ಕಡೆ √3, ಅಂದರೆ ಸುಮಾರು 1.732.

ಹಳೇ ಸೀಮೆಸುಣ್ಣ, ಗಂಗಾವತಿ

ಭೇಷ್. ಪುಸ್ತಕದಲ್ಲಿ "ಬೆಲೆ ಇರುವ ಕೋನಗಳಿಗೆ ಮಾತ್ರ" ಅಂತ ಒಂದು ಸಾಲು ಇರುತ್ತೆ. ಅದನ್ನ ಯಾರೂ ಓದಲ್ಲ.

ಪಿಯು ಮೊದಲ ವರ್ಷ, ಯಲಬುರ್ಗಾ

ಒಂದು ಬೆಲೆ ಹಾಕಿ ಎರಡೂ ಕಡೆ ಸಮ ಬಂದರೆ ಸಾಧಿಸಿದ ಹಾಗಲ್ವಾ? ಎಂಸಿಕ್ಯೂನಲ್ಲಿ ನಾನು ಅದನ್ನೇ ಮಾಡೋದು.

ಕೊನೇ ಬೆಂಚು, ರಾಯಚೂರು

ಎಂಸಿಕ್ಯೂನಲ್ಲಿ ಧಾರಾಳವಾಗಿ ಮಾಡು, ಅಲ್ಲಿ ಬೇಕಾಗಿರೋದು ಉತ್ತರ. ಸಾಧನೆಗೆ ನಡೆಯಲ್ಲ. ಬೆಲೆ ಹಾಕೋದರಿಂದ ಸುಳ್ಳನ್ನ ಹಿಡಿಯಬಹುದು, ನಿಜವನ್ನ ಸಾಧಿಸೋಕಾಗಲ್ಲ.

ಹಿಡಿಯುವಾಗಲೂ ಯಾವ ಬೆಲೆ ಅನ್ನೋದು ಮುಖ್ಯ. ಟ್ಯಾನ್ ಎ + ಕಾಟ್ ಎ = 2 ಅಂತ ಯಾರೋ ಅಂದರು ಅಂದುಕೋ. 45 ಹಾಕಿದರೆ 1 + 1 = 2, ನಿಜ ಅನಿಸುತ್ತೆ. 30 ಹಾಕು, 2.309 ಬರುತ್ತೆ. ಸಿಕ್ಕಿಬಿತ್ತು. 45ರಲ್ಲಿ ಸೈನ್ ಮತ್ತು ಕಾಸ್ ಎರಡೂ ಒಂದೇ. ಹಾಗಾಗಿ ಸೈನ್ ಇರಬೇಕಾದಲ್ಲಿ ಕಾಸ್ ಬರೆದಿದ್ದರೂ ಅದು ಬಾಯಿ ಬಿಡಲ್ಲ. ಸೊನ್ನೆಯೂ ಹಾಗೇ. ಸೈನ್ 2ಎ = 2 ಸೈನ್ ಎ ಅಂತ ಬರೆದು ಸೊನ್ನೆ ಹಾಕಿದರೆ ಎರಡೂ ಕಡೆ ಸೊನ್ನೆ. 30 ಹಾಕಿದರೆ ಎಡಕ್ಕೆ 0.866, ಬಲಕ್ಕೆ 1. ನಾನು ಯಾವಾಗಲೂ 30 ಹಾಕ್ತೀನಿ.

ಸಿರುಗುಪ್ಪ ಭತ್ತ

ಚರ್ಚೆ ಚೆನ್ನಾಗಿದೆ, ಆದರೆ ಬೇಜಾರು ಮಾಡ್ಕೋಬೇಡಿ. ನಾನೂ ಎಸ್ಸೆಸ್ಸೆಲ್ಸಿಯಲ್ಲಿ ಇದೆಲ್ಲ ಉರು ಹೊಡೆದು ಪಾಸಾದವನು. ಆಮೇಲೆ ಒಂದು ದಿನ ಕೂಡ ಸೈನ್ ಸ್ಕ್ವೇರ್ ನನ್ನ ಗದ್ದೆಗೆ ಬಂದಿಲ್ಲ. ಎತ್ತರ ದೂರ ಲೆಕ್ಕ ಏನೋ ಸರ್ವೆಯವರಿಗೆ ಬೇಕು ಅಂತೀರಿ. ಈ "ಸಾಧಿಸಿ" ಯಾರಿಗೆ ಬೇಕು?

ಕರೆಂಟ್ ಮನುಷ್ಯ, ಕುಡತಿನಿ

ಅಣ್ಣಾರೆ, ನಿಮ್ಮ ಗದ್ದೆಗೆ ಅದು ದಿನಾ ಬರುತ್ತೆ. ಯಾವಾಗ ಬರುತ್ತೆ ಅಂತ ಕಾಯ್ಕೊಂಡೂ ಕೂತಿರುತ್ತೀರಿ. ತ್ರೀ ಫೇಸ್ ಕರೆಂಟ್.

ಮೂರು ವೈರಿನಲ್ಲೂ ಸೈನ್ ಆಕಾರದ ಕರೆಂಟೇ ಹರಿಯೋದು. ಒಂದಕ್ಕಿಂತ ಇನ್ನೊಂದು 120 ಡಿಗ್ರಿ ಹಿಂದೆ. ಮೂರನ್ನೂ ಕೂಡಿಸೋಣ:

ಸೈನ್ ಎ + ಸೈನ್ (ಎ − 120) + ಸೈನ್ (ಎ − 240)

ಪಿಯುನಲ್ಲಿ ಬರುವ ಸೂತ್ರ: ಸೈನ್ ಸಿ + ಸೈನ್ ಡಿ = 2 ಸೈನ್ ((ಸಿ + ಡಿ)/2) ಕಾಸ್ ((ಸಿ − ಡಿ)/2). ಕೊನೆಯ ಎರಡಕ್ಕೆ ಇದನ್ನ ಹಾಕಿದರೆ 2 ಸೈನ್ (ಎ − 180) ಕಾಸ್ 60. ಕಾಸ್ 60 ಅಂದರೆ ಅರ್ಧ. ಹಾಗಾಗಿ ಉಳಿಯೋದು ಸೈನ್ (ಎ − 180), ಅಂದರೆ −ಸೈನ್ ಎ. ಮೊದಲನೆಯ ಸೈನ್ ಎ ಜೊತೆ ಸೇರಿ ಸೊನ್ನೆ. ಯಾವ ಕ್ಷಣದಲ್ಲಿ ನೋಡಿದರೂ ಸೊನ್ನೆ.

ನಿಮ್ಮ ಮೋಟಾರಿಗೆ ಮೂರೇ ವೈರ್ ಹೋಗಿರುತ್ತೆ, ನ್ಯೂಟ್ರಲ್ ಇರಲ್ಲ, ಗಮನಿಸಿದ್ದೀರಾ? ಮನೆಯ ಫ್ಯಾನಿಗೆ ಹೋಗೋಕೆ ಒಂದು, ವಾಪಸ್ ಬರೋಕೆ ಒಂದು ವೈರ್ ಬೇಕು. ಮೋಟಾರಿಗೆ ವಾಪಸ್ ವೈರ್ ಯಾಕೆ ಬೇಡ? ಮೂರು ಕರೆಂಟೂ ಕೂಡಿದರೆ ಸೊನ್ನೆ, ವಾಪಸ್ ತರೋಕೆ ಏನೂ ಉಳಿದಿಲ್ಲ. ಮೂರರ ಮೇಲೂ ಹೊರೆ ಸಮ ಇರಬೇಕು ಅನ್ನೋದು ಷರತ್ತು.

ಸಿರುಗುಪ್ಪ ಭತ್ತ

ಹೌದಲ್ವಾ! ಸ್ಟಾರ್ಟರಿನಿಂದ ಮೂರೇ ವೈರು. ಇಷ್ಟು ವರ್ಷ ನೋಡ್ತಾನೇ ಇದ್ದೀನಿ, ಯಾಕೆ ಅಂತ ಕೇಳಿಲ್ಲ. ಹಂಗಾದರೆ ಒಂದು ಫೇಸ್ ಹೋದಾಗ ಮೋಟಾರು ಗುಂಯ್ ಅಂತ ಸದ್ದು ಮಾಡಿ ಕಾಯಿಲು ಸುಡೋದಕ್ಕೂ ನಿಮ್ಮ ಸೈನ್‌ಗೂ ಸಂಬಂಧ ಇದೆಯಾ?

ಕರೆಂಟ್ ಮನುಷ್ಯ, ಕುಡತಿನಿ

ನೇರ ಸಂಬಂಧ. ಅದು ನಾನು ಹೇಳಬೇಕು ಅಂತಿದ್ದ ಎರಡನೇ ಲೆಕ್ಕ, ಸ್ವಲ್ಪ ತಾಳ್ಮೆ ಬೇಕು.

ಮೋಟಾರಿಗೆ ಸಿಗುವ ಪವರ್ ಸೈನ್ ಪ್ರಕಾರ ನಡೆಯಲ್ಲ, ಸೈನ್² ಪ್ರಕಾರ ನಡೆಯುತ್ತೆ. ವೋಲ್ಟೇಜೂ ಸೈನ್, ಕರೆಂಟೂ ಸೈನ್, ಗುಣಿಸಿದರೆ ಸೈನ್². (ಎರಡೂ ಒಟ್ಟಿಗೇ ಏರಿಳಿಯುತ್ತವೆ ಅಂತ ಇಟ್ಟುಕೊಳ್ಳೋಣ. ಮೋಟಾರಿನಲ್ಲಿ ಸ್ವಲ್ಪ ಹಿಂದೆಮುಂದೆ ಇರುತ್ತೆ, ಆದರೂ ಕೊನೆಯ ಮಾತು ಬದಲಾಗಲ್ಲ.) ಬರೀ ಸೈನ್² ನೋಡಿದರೆ ಒಳಗೇನಿದೆ ಗೊತ್ತಾಗಲ್ಲ. ಅದನ್ನ ಹೀಗೆ ಬರೆಯಿರಿ:

ಸೈನ್²ಎ = (1 − ಕಾಸ್ 2ಎ)/2

ಈಗ ಎರಡು ಭಾಗ ಬೇರೆ ಬೇರೆ ಕಾಣುತ್ತೆ. ಒಂದು ಅಲ್ಲಾಡದ ಅರ್ಧ. ಇನ್ನೊಂದು ಕಾಸ್ 2ಎ, ಎರಡು ಪಟ್ಟು ವೇಗದಲ್ಲಿ ಮೇಲೆ ಕೆಳಗೆ ಆಡುತ್ತೆ. ನಮ್ಮ ಕರೆಂಟ್ ಸೆಕೆಂಡಿಗೆ 50 ಸುತ್ತು. ಹಾಗಾಗಿ ಒಂದೇ ಫೇಸಿನ ಪವರ್ ಸೆಕೆಂಡಿಗೆ 100 ಸಲ ಏರಿ ಸೊನ್ನೆಗೆ ಇಳಿಯುತ್ತೆ. ಸಿಂಗಲ್ ಫೇಸ್ ಮೋಟಾರಿನ ನಡುಕ ಅದೇ.

ಮೂರು ಫೇಸಿನ ಪವರ್ ಕೂಡಿಸಿದರೆ? ಅಲ್ಲಾಡದ ಅರ್ಧಗಳು ಮೂರು, ಸೇರಿ 3/2. ಆಡುವ ಭಾಗ ಕಾಸ್ 2ಎ + ಕಾಸ್ (2ಎ − 240) + ಕಾಸ್ (2ಎ − 480). ಇವೂ ಒಂದಕ್ಕೊಂದು 120 ಡಿಗ್ರಿ ದೂರದಲ್ಲೇ ಇವೆ, ಹಿಂದಿನ ಲೆಕ್ಕದ ಹಾಗೆ ಸೊನ್ನೆ. ಉಳಿದದ್ದು ಬರೀ 3/2. ಪವರ್ ಒಂದು ಕ್ಷಣವೂ ಏರಲ್ಲ, ಇಳಿಯಲ್ಲ. ತ್ರೀ ಫೇಸ್ ಮೋಟಾರು ನಯವಾಗಿ ತಿರುಗೋದು ಇದಕ್ಕೇ.

ಒಂದು ಫೇಸ್ ಕಿತ್ತುಹೋದರೆ ಕೂಡಿ ಸೊನ್ನೆಯಾಗುವ ಈ ಲೆಕ್ಕ ಮುರಿಯುತ್ತೆ. ಆಡುವ ಭಾಗ ವಾಪಸ್ ಬರುತ್ತೆ, ಅದು ನೀವು ಕೇಳುವ ಗುಂಯ್. ಹೊರೆ ಅಷ್ಟೇ ಇದೆ, ಎಳೆಯೋರು ಕಡಿಮೆ ಆದರು. ಉಳಿದ ವೈರುಗಳಲ್ಲಿ ಕರೆಂಟ್ ಜಾಸ್ತಿ ಆಗಿ ಕಾಯಿಲು ಸುಡುತ್ತೆ. ಅದಕ್ಕೇ ಸ್ಟಾರ್ಟರಿನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ ಅನ್ನೋದು.

ಇನ್ನೊಂದು ಸಣ್ಣದು. ಫೇಸಿಂದ ನ್ಯೂಟ್ರಲ್‌ಗೆ 230 ವೋಲ್ಟ್, ಫೇಸಿಂದ ಫೇಸಿಗೆ 400 ಚಿಲ್ಲರೆ. ಯಾಕೆ 460 ಅಲ್ಲ? ಸೈನ್ ಎ − ಸೈನ್ (ಎ − 120) = 2 ಕಾಸ್ (ಎ − 60) ಸೈನ್ 60. ಅಂದರೆ √3 ಕಾಸ್ (ಎ − 60). 230ನ್ನ √3 ಇಂದ ಗುಣಿಸಿ, 398 ಬರುತ್ತೆ. ಮೋಟಾರಿನ ಪಟ್ಟಿಯ ಮೇಲೆ 415 ಇದ್ದರೆ ಅದು ಹಳೆಯ 240ರ ಲೆಕ್ಕ.

ಪಿಯು ಮೊದಲ ವರ್ಷ, ಯಲಬುರ್ಗಾ

ಸೈನ್ ಸಿ + ಸೈನ್ ಡಿ ಸೂತ್ರ ಯಾತಕ್ಕೆ ಅಂತ ನಮಗೆ ಯಾರೂ ಹೇಳಿಲ್ಲ ಸರ್. ಮೊದಲ ಸಲ ಅದರ ಮೇಲಿನ ಸಿಟ್ಟು ಕಡಿಮೆ ಆಯ್ತು.

ಟೇಪು ಗೂಟ, ಕೊಪ್ಪಳ

ಸರ್ವೆಯವರ ಹೆಸರು ಬಂತಲ್ಲ, ನಾನೂ ಒಂದು ಮಾತು ಹೇಳ್ತೀನಿ.

ಬಳ್ಳಾರಿ ಕೋಟೆ ಗುಡ್ಡದ ಥರ ಒಂದು ಗುಡ್ಡ ಇದೆ ಅನ್ಕೊಳ್ಳಿ. ಬುಡದ ತನಕ ಟೇಪ್ ಎಳೆಯೋಕಾಗಲ್ಲ, ನಡುವೆ ಮನೆ ಅಂಗಡಿ ಎಲ್ಲಾ ಇವೆ. ದೂರದ ಒಂದು ಜಾಗದಿಂದ ತುದಿ ನೋಡಿದರೆ ಉನ್ನತ ಕೋನ ಎ. ಗುಡ್ಡದ ಕಡೆಗೇ ನೇರ ಡಿ ಮೀಟರ್ ನಡೆದು ನೋಡಿದರೆ ಕೋನ ಬಿ. ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಎತ್ತರ = ಡಿ / (ಕಾಟ್ ಎ − ಕಾಟ್ ಬಿ). ಇದರಲ್ಲಿ ಏನೂ ಎಚ್ಚರಿಕೆ ಕಾಣಲ್ಲ. ಕಾಟ್ ತೆಗೆದು ಸೈನ್, ಕಾಸ್ ಮಾಡಿ, ಛೇದ ಸಮ ಮಾಡಿ ಬರೆದರೆ:

ಎತ್ತರ = ಡಿ × ಸೈನ್ ಎ × ಸೈನ್ ಬಿ / ಸೈನ್ (ಬಿ − ಎ)

ಕೆಳಗೆ ಕೂತಿರೋದನ್ನ ನೋಡಿ, ಸೈನ್ (ಬಿ − ಎ). ಎರಡು ಕೋನಗಳು ಹತ್ತಿರ ಹತ್ತಿರ ಇದ್ದರೆ ಅದು ತೀರಾ ಚಿಕ್ಕದು, ಭಾಗಿಸಿದಾಗ ಸಣ್ಣ ತಪ್ಪೂ ದೊಡ್ಡದಾಗುತ್ತೆ. ಲೆಕ್ಕ ಹಾಕಿಯೇ ತೋರಿಸ್ತೀನಿ. ಎ = 20, ಬಿ = 22, ಡಿ = 50 ಮೀಟರ್. ಎತ್ತರ ಸುಮಾರು 184 ಮೀಟರ್. ಬಿ ಓದುವಾಗ ಅರ್ಧ ಡಿಗ್ರಿ ತಪ್ಪಿ 22.5 ಅಂತ ಬರೆದುಕೊಂಡರೆ? 150 ಮೀಟರ್! ಮೂವತ್ತನಾಲ್ಕು ಮೀಟರ್ ಗುಡ್ಡ ಮಾಯ.

ಅದೇ ಗುಡ್ಡಕ್ಕೆ ಇನ್ನೂ ಮುಂದೆ ನಡೆದು, ಡಿ = 286 ಮೀಟರ್, ಬಿ = 40 ಡಿಗ್ರಿ ತೆಗೆದುಕೊಂಡರೆ ಆಗಲೂ 184. ಇಲ್ಲಿ ಅರ್ಧ ಡಿಗ್ರಿ ತಪ್ಪಿ 40.5 ಅಂತ ಓದಿದರೂ 181 ಬರುತ್ತೆ. ಮೂರು ಮೀಟರ್ ಮಾತ್ರ ಹೋಯ್ತು. ನಮ್ಮಲ್ಲಿ ಹೊಸ ಹುಡುಗರು ಬಿಸಿಲಿಗೆ ಸೋತು ನಾಲ್ಕು ಹೆಜ್ಜೆ ನಡೆದು "ಸಾಕು ಸರ್" ಅಂತಾರೆ. ಆಗ ಈ ಸೂತ್ರ ತೋರಿಸ್ತೀನಿ. ಎರಡೂ ಸೂತ್ರ ಒಂದೇ ಉತ್ತರ ಕೊಡುತ್ತೆ, ಆದರೆ ಎಲ್ಲಿ ನಿಂತು ಅಳೀಬೇಕು ಅಂತ ಹೇಳೋದು ಎರಡನೆಯದು ಮಾತ್ರ. 1802ರಲ್ಲಿ ಬ್ರಿಟಿಷ್ ಅಧಿಕಾರಿ ಲ್ಯಾಂಬ್ಟನ್ ಮದ್ರಾಸಿನ ಹತ್ತಿರ ಆಧಾರರೇಖೆ ಅಳೆದು ದೊಡ್ಡ ಸರ್ವೆ ಶುರು ಮಾಡಿದಾಗಲೂ ಇದೇ ಚಿಂತೆ. ತ್ರಿಕೋನ ತೆಳ್ಳಗಿರಬಾರದು.

ಕೊನೇ ಬೆಂಚು, ರಾಯಚೂರು

ಸೂಪರ್ ಸರ್. ನಂಬಿಕೆ ಬರದೆ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿದೆ, 150 ಸರಿಯಾಗೇ ಬರುತ್ತೆ.

ಮಾನ್ವಿಯ ಅಪ್ಪ

ಎಲ್ಲಿಂದ ಎಲ್ಲಿಗೋ ಹೋಯ್ತು, ಖುಷಿ ಆಯ್ತು. ಒಂದು ಕುತೂಹಲ. ಈ ಸೈನ್² + ಕಾಸ್² = 1 ಎಷ್ಟು ಹಳೆಯದು? ನಮ್ಮವರಿಗೆ ಗೊತ್ತಿತ್ತಾ?

ಹಳೇ ಸೀಮೆಸುಣ್ಣ, ಗಂಗಾವತಿ

ಗೊತ್ತಿತ್ತು. ಆರನೇ ಶತಮಾನದ ವರಾಹಮಿಹಿರ ಜ್ಯಾ (ತ್ರಿಜ್ಯದಿಂದ ಗುಣಿಸಿದ ಸೈನ್) ಬೆಲೆಗಳನ್ನ ಕಂಡುಹಿಡಿಯೋಕೆ ಇದನ್ನ ಬಳಸಿದ್ದಾನೆ. ಅದಕ್ಕೂ ಮೊದಲು, 499ರ ಹೊತ್ತಿಗೆ ಆರ್ಯಭಟ ಕೊಟ್ಟ ಪಟ್ಟಿ ಇದೆ. ಮೂರು ಮುಕ್ಕಾಲು ಡಿಗ್ರಿಗೊಂದರಂತೆ 24 ಅಂಕಿ. ಅವು ಜ್ಯಾ ಬೆಲೆಗಳಲ್ಲ, ಒಂದರಿಂದ ಇನ್ನೊಂದಕ್ಕೆ ಎಷ್ಟು ಏರಿತು ಅನ್ನೋ ವ್ಯತ್ಯಾಸಗಳು. 225, 224, 222, 219 ಹೀಗೆ ಇಳೀತಾ ಕೊನೆಗೆ 7. ಎಲ್ಲಾ ಕೂಡಿದರೆ 3438. ಅದು ಅವನ ವೃತ್ತದ ತ್ರಿಜ್ಯ. ಸುತ್ತಳತೆ 21600 ಕಲೆ (ಒಂದು ಡಿಗ್ರಿಗೆ 60 ಕಲೆ) ಅಂತ ಇಟ್ಟುಕೊಂಡರೆ ತ್ರಿಜ್ಯ ಅಷ್ಟೇ ಬರುತ್ತೆ.

ನಾನು ಮಕ್ಕಳಿಂದ ಒಂದು ಕೆಲಸ ಮಾಡಿಸುತ್ತಿದ್ದೆ. ಮೊದಲ ಎಂಟು ಅಂಕಿ ಕೂಡಿಸಿ, 30 ಡಿಗ್ರಿಯ ಜ್ಯಾ 1719. ಸರಿಯಾಗಿ 3438ರ ಅರ್ಧ. ಹದಿನಾರು ಅಂಕಿ ಕೂಡಿಸಿದರೆ 60 ಡಿಗ್ರಿಯ ಜ್ಯಾ 2978. ಈಗ 1719ರ ವರ್ಗ, 2978ರ ವರ್ಗ ಕೂಡಿಸಿ. 1,18,23,445. ವರ್ಗಮೂಲ ತೆಗೆದರೆ 3438.5. ಅರ್ಧ ಕಲೆ ಆಚೆಈಚೆ. ಪೂರ್ಣಾಂಕ ಮಾಡಿಕೊಂಡು ಬರೆದ ಪಟ್ಟಿಗೆ ಅಷ್ಟು ವ್ಯತ್ಯಾಸ ಇರಲೇಬೇಕು. ಮೊಬೈಲ್ ಮುಟ್ಟದೆ ಮಾಡಿಸಿದರೆ ಒಂದು ಪೀರಿಯಡ್ ಹಿಡಿಯುತ್ತೆ. ಆದರೆ ಆ ಪೀರಿಯಡ್ ಮಕ್ಕಳು ಮರೆಯಲ್ಲ.

ಕೊನೇ ಬೆಂಚು, ರಾಯಚೂರು

ಹೊಸದೂ ಇದೆ ಸರ್. ಸೈನ್² + ಕಾಸ್² = 1 ಅನ್ನೋದು ಪೈಥಾಗೊರಸನ ಪ್ರಮೇಯವೇ ಬೇರೆ ಅಂಗಿ ಹಾಕಿಕೊಂಡಿದ್ದು. ಹಾಗಾಗಿ ತ್ರಿಕೋನಮಿತಿಯಿಂದ ಪೈಥಾಗೊರಸನನ್ನ ಸಾಧಿಸೋಕೆ ಹೊರಟರೆ ಸುತ್ತಿ ಸುತ್ತಿ ಅಲ್ಲಿಗೇ ಬರ್ತೀವಿ, ಅದು ಆಗದ ಕೆಲಸ ಅಂತ ತುಂಬಾ ಜನ ಅಂದುಕೊಂಡಿದ್ದರು. ಅಮೆರಿಕದ ನ್ಯೂ ಆರ್ಲಿಯನ್ಸಿನ ಇಬ್ಬರು ಹೈಸ್ಕೂಲ್ ಹುಡುಗಿಯರು, ಕ್ಯಾಲ್ಸಿಯಾ ಜಾನ್ಸನ್ ಮತ್ತು ನೆಕೈಯಾ ಜಾಕ್ಸನ್, ಸೈನ್ ನಿಯಮ (ತ್ರಿಕೋನದ ಯಾವ ಬಾಹುವನ್ನ ಅದರ ಎದುರಿನ ಕೋನದ ಸೈನ್ ಇಂದ ಭಾಗಿಸಿದರೂ ಒಂದೇ ಬೆಲೆ) ಬಳಸಿ ಮಾಡಿ ತೋರಿಸಿದರು. 2023ರಲ್ಲಿ ಗಣಿತಜ್ಞರ ಸಭೆಯಲ್ಲಿ ಹೇಳಿದರು, 2024ರಲ್ಲಿ ಅದು ಗಣಿತದ ಪತ್ರಿಕೆಯಲ್ಲಿ ಪ್ರಕಟವಾಯ್ತು. ಸೈನ್ ನಿಯಮಕ್ಕೆ ಪೈಥಾಗೊರಸ ಬೇಕಾಗಿಲ್ಲ, ಅದೇ ಗುಟ್ಟು. ಇವರಿಗಿಂತ ಮೊದಲು 2009ರಲ್ಲಿ ಜೇಸನ್ ಜಿಂಬಾ ಬೇರೆ ದಾರಿಯಲ್ಲಿ ಮಾಡಿದ್ದರು.

ಮಾನ್ವಿ ತಂಗಿಗೆ ಸೊನ್ನೆ ಬಂದದ್ದೂ ಇದೇ ವಿಷಯಕ್ಕೆ ನೋಡಿ. ಸಾಧಿಸಬೇಕಾದ್ದನ್ನ ಮೊದಲೇ ಬಳಸಿಕೊಂಡೆಯಾ ಅನ್ನೋದು. ಅಲ್ಲೂ ಎಲ್ಲರೂ ತಡಕಾಡಿದ್ದು ಅದನ್ನೇ.

ಮಾನ್ವಿಯ ಅಪ್ಪ

ಮತ್ತೆ ಮಗಳು: ಥ್ಯಾಂಕ್ಸ್ ಅಣ್ಣ, ಥ್ಯಾಂಕ್ಸ್ ಸರ್. ಯಮನನ್ನ ನಾನು ಇನ್ನೊಂದು ರೀತಿ ಮಾಡಿದೆ. ಕಾಸ್ ಇಂದ ಭಾಗಿಸಲಿಲ್ಲ. ಮೇಲೆ ಕೆಳಗೆ (1 + ಸೈನ್ ಎ + ಕಾಸ್ ಎ) ಇಂದ ಗುಣಿಸಿದೆ.

ಮೇಲೆ: (1 + ಸೈನ್ ಎ)² − ಕಾಸ್²ಎ = 2 ಸೈನ್ ಎ + 2 ಸೈನ್²ಎ = 2 ಸೈನ್ ಎ (1 + ಸೈನ್ ಎ)
ಕೆಳಗೆ: (ಸೈನ್ ಎ + ಕಾಸ್ ಎ)² − 1 = 2 ಸೈನ್ ಎ ಕಾಸ್ ಎ

ಭಾಗಿಸಿದರೆ (1 + ಸೈನ್ ಎ) / ಕಾಸ್ ಎ, ಅಂದರೆ ಸೆಕ್ ಎ + ಟ್ಯಾನ್ ಎ. ಅದು 1 / (ಸೆಕ್ ಎ − ಟ್ಯಾನ್ ಎ) ಗೆ ಸಮ, ಯಾಕೆಂದರೆ ಸೆಕ್² − ಟ್ಯಾನ್² = 1. ಇದು ನಡೆಯುತ್ತಾ?

ಹಳೇ ಸೀಮೆಸುಣ್ಣ, ಗಂಗಾವತಿ

ನಡೆಯುತ್ತಾ ಅಂತ ಕೇಳ್ತೀಯಲ್ಲ ತಾಯಿ! ಮೂರಕ್ಕೆ ಮೂರು. ನನ್ನ ದಾರಿಗಿಂತ ಚೆನ್ನಾಗಿದೆ. ಎಲ್ಲಿ ಹೊಡೆದುಹಾಕಿದೆ ಅನ್ನೋದು ಕಣ್ಣಿಗೆ ಕಾಣುತ್ತೆ, 2 ಸೈನ್ ಎ. ಎ ಸೊನ್ನೆಯಾದಾಗ ಯಾಕೆ ಕೆಡುತ್ತೆ ಅಂತ ನಿನ್ನ ಉತ್ತರದಲ್ಲೇ ಗೊತ್ತಾಗುತ್ತೆ. ಅಪ್ಪಾರೆ, ಶಾಲೆಗೆ ಹೋಗೋದಾದರೆ ಈ ಹಾಳೆಯನ್ನ ತೆಗೆದುಕೊಂಡು ಹೋಗಿ. ಸೊನ್ನೆಯ ಮಾತು ಆಮೇಲೆ ತೆಗೆಯಿರಿ.